ಸೊಳ್ಳೆ ಕಲೆಕ್ಟರ್

ಸೊಳ್ಳೆ ಹಿಡಿಯುವ ಕೆಲಸದಲ್ಲಿ ಬಡ್ತಿ ತಡವಾಗಬಹುದು, ಅವಮಾನ ಮಾತ್ರ ದಿನಾ ಸರಿಯಾದ ಹೊತ್ತಿಗೆ ಬರುತ್ತದೆ. ನನ್ನ ಹುದ್ದೆಯ ಹೆಸರು ಇನ್ಸೆಕ್ಟ್ ಕಲೆಕ್ಟರ್. ಹೊರದೇಶದ ಸೊಳ್ಳೆ ಜಾತಿಯೊಂದು ನಮ್ಮ ದೇಶದಲ್ಲಿ ಎಲ್ಲೆಲ್ಲಿಗೆ ಹಬ್ಬಿದೆ ಎಂದು ಪತ್ತೆ ಹಚ್ಚುವ ಘನಕಾರ್ಯದಲ್ಲಿ ಶಿವಮೊಗ್ಗ, ಭದ್ರಾವತಿ ನನ್ನ ಪಾಲಿಗೆ ಬಂದಿದ್ದವು. ಅದರಲ್ಲೂ ಹೆಣ್ಣು ಸೊಳ್ಳೆಯೇ ಬೇಕು, ಕಚ್ಚುವುದು ಅದೇ. ಎರಡು ವರ್ಷ ಅಲೆದರೂ ಒಂದೂ ಸಿಕ್ಕಿರಲಿಲ್ಲ. ಅದೇ ಎರಡು ವರ್ಷದಿಂದ ಅಮ್ಮ ನನಗೊಂದು ಹೆಣ್ಣು ಹುಡುಕುತ್ತಿದ್ದಳು. ಸೊಳ್ಳೆ ಹಿಡಿಯುವವನಿಗೆ ಮಗಳನ್ನು ಕೊಡುವ ಪುಣ್ಯಾತ್ಮರೂ ಸಿಕ್ಕಿರಲಿಲ್ಲ. ಮೂವತ್ತನಾಲ್ಕು ದಾಟಿದ ನನಗೆ ಈ ಎರಡನೆಯದೇ ಹೆಚ್ಚು ಕಚ್ಚುತ್ತಿತ್ತು.

ದೊಡ್ಡ ಸಾಹೇಬರು

ಕೋಟೆ ಬೀದಿಯ ಹಿರಿಯರೊಬ್ಬರಿಗೆ ಕಿವಿ ಸ್ವಲ್ಪ ಮಂದ. ಬಾಗಿಲಲ್ಲಿ ನಿಂತು "ಇನ್ಸೆಕ್ಟ್ ಕಲೆಕ್ಟರ್" ಎಂದೆ. ಕೊನೆಯ ಅರ್ಧ ಮಾತ್ರ ಅವರ ಕಿವಿಗೆ ಬಿತ್ತು. ಒಳ್ಳೆಯ ಕುರ್ಚಿ ಹಾಕಿಸಿದರು, ಚಕ್ಕುಲಿ ತರಿಸಿದರು, ಕಟ್ಟಿಕೊಂಡ ಚರಂಡಿಯ ಬಗ್ಗೆ ಬರೆದಿಟ್ಟ ಅರ್ಜಿಗಳ ಕಟ್ಟನ್ನೇ ನನ್ನ ತೊಡೆ ಮೇಲಿಟ್ಟರು. ಚಕ್ಕುಲಿ ಮುಗಿಯುವವರೆಗೆ ನಾನೂ ಬಾಯಿ ಬಿಡಲಿಲ್ಲ. ಆಮೇಲೆ ಗಟ್ಟಿಯಾಗಿ ಹೇಳಿದೆ: "ಸ್ವಾಮಿ, ನಾನು ಸೊಳ್ಳೆ ಹಿಡಿಯೋನು."

ಅವರು ಅರ್ಜಿಗಳನ್ನು ವಾಪಸ್ ತೆಗೆದುಕೊಂಡರು. "ಸೊಳ್ಳೆಗೇ ಕಲೆಕ್ಟರ್ರು ಬರಬೇಕಾಯ್ತಾ ಮಾರಾಯ? ಹಂಗಾದ್ರೆ ಜಿರಳೆಗೆ ತಹಶೀಲ್ದಾರ್ರು ಯಾವಾಗ ಬರ್ತಾರೆ?"

ಸರ್ಕಾರಿ ಡಬ್ಬಿ

ಹೊಳಲೂರಿನ ಮನೆಯೊಂದರ ಹಿತ್ತಲಲ್ಲಿ ಕಪ್ಪು ಡಬ್ಬಿಗೆ ನೀರು ತುಂಬಿಸಿ ಇಟ್ಟು ಬಂದಿದ್ದೆ. ಸೊಳ್ಳೆ ಅದರಲ್ಲಿ ಮೊಟ್ಟೆ ಇಡಬೇಕು, ನಾನು ಹೋಗಿ ತರಬೇಕು, ಇಷ್ಟೇ. ಎಷ್ಟು ಸಲ ಹೋದರೂ ಡಬ್ಬಿ ಫಳಫಳ ಹೊಳೆಯುತ್ತಿತ್ತು. ಮನೆಯಾಕೆಯನ್ನು ಕೇಳಿದೆ.

"ನೀರಲ್ಲಿ ಹುಳ ಆಗ್ತಿತ್ತು ಸಾರ್, ಚೆಲ್ಲಿ ತಿಕ್ಕಿ ಇಡ್ತಿದೀನಿ. ನೀರು ನಿಲ್ಲಿಸ್ಬೇಡಿ ಅಂತ ನೀವೇ ಅಲ್ವಾ ಮೈಕಲ್ಲಿ ಕೂಗಿದ್ದು?"

ಪಕ್ಕದಲ್ಲೇ ಅವರ ಡ್ರಮ್ಮಿನಲ್ಲಿ ನೂರಾರು ಹುಳಗಳು ಆರಾಮವಾಗಿ ಈಜುತ್ತಿದ್ದವು. "ಮತ್ತೆ ಇದು?" ಎಂದೆ.

"ಅದು ನಮ್ಮನೇದು, ಬಿಡಿ ಸಾರ್. ಗೌರ್ಮೆಂಟ್ ಸಾಮಾನು ಗಲೀಜಾದ್ರೆ ನನ್ನ ಕೇಳ್ತಾರೆ."

ಫಾರಿನ್ ಸರಕು

ಮಾಚೇನಹಳ್ಳಿಯ ವರ್ಕ್‌ಶಾಪಿನ ಹಿಂದೆ ಹಳೇ ಟೈರುಗಳ ರಾಶಿ, ಒಳಗೆಲ್ಲ ಮಳೆನೀರು. ಟಾರ್ಚ್ ಹಿಡಿದು ಬಗ್ಗಿದ್ದವನನ್ನು ಮಾಲೀಕ ಬಹಳ ಹೊತ್ತು ನೋಡಿದ.

"ಏನ್ ಹುಡುಕ್ತೀರಿ ಸಾರ್?"

"ಫಾರಿನ್ ಸೊಳ್ಳೆ."

ಅವನು ಮಸಿಗೈ ಒರೆಸಿಕೊಳ್ಳುತ್ತ ನನ್ನನ್ನು ಕನಿಕರದಿಂದ ನೋಡಿದ. "ಫಾರಿನ್ನಿಂದ ಬಂದಿದ್ದು ಇಲ್ಲಿ ಯಾಕೆ ಇರ್ತದೆ ಸಾರ್? ನಾವೇ ಬೇರೆ ಗತಿ ಇಲ್ಲ ಅಂತ ಇದೀವಿ."

ಕಾಫಿ ತಟ್ಟೆ

ಕೊನೆಗೆ ಅಮ್ಮ ಒಂದು ಉಪಾಯ ಮಾಡಿದಳು. ಭದ್ರಾವತಿಯ ಹುಡುಗಿ ಕಡೆಯವರಿಗೆ ನನ್ನ ಹುದ್ದೆ ಹೇಳುವಾಗ "ಇನ್ಸೆಕ್ಟ್" ಅನ್ನು ನುಂಗಿಬಿಟ್ಟಳು. ಭಾನುವಾರ ಬೆಳಿಗ್ಗೆ ನಾವಿಬ್ಬರೂ ಆಟೋದಿಂದ ಇಳಿದಾಗ ಹುಡುಗಿಯ ತಂದೆ ರಸ್ತೆಯುದ್ದಕ್ಕೂ ಕಣ್ಣಾಡಿಸಿ, "ಕಾರು?" ಎಂದರು.

"ನಮ್ಮ ಹುಡುಗ ತುಂಬಾ ಸರಳ," ಎಂದಳು ಅಮ್ಮ.

ಒಳಗೆ ಕೂರಿಸಿ ಉಪ್ಪಿಟ್ಟು ಕೊಟ್ಟರು. ಸುಳ್ಳು ಹೇಳಿ ಮದುವೆಯಾಗುವುದು ಬೇಡ, ಕಾಫಿ ಬಂದ ಕೂಡಲೇ ನಿಜ ಹೇಳಿಬಿಡುತ್ತೇನೆ ಎಂದುಕೊಂಡೆ. ಕಾಫಿ ಬಂತು. ಎಲ್ಲರ ಕಣ್ಣೂ ತಟ್ಟೆ ಹಿಡಿದು ಬಂದ ಹುಡುಗಿಯ ಮೇಲೆ. ನನ್ನ ಕಣ್ಣು ನನ್ನ ಮೊಣಕೈ ಮೇಲೆ. ಅಲ್ಲೊಂದು ಸೊಳ್ಳೆ ಕೂತಿತ್ತು. ಕಾಲಿನ ಬಿಳಿ ಪಟ್ಟೆ ಊರಿನ ಸೊಳ್ಳೆಗಿರುವಂತೆ ಕಾಣಲಿಲ್ಲ. ಎಲ್ಲಿದ್ದೇನೆ, ಯಾಕೆ ಬಂದಿದ್ದೇನೆ, ಎಲ್ಲ ಮರೆತುಹೋಯಿತು. ಜೇಬಿನಿಂದ ಗಾಜಿನ ಕೊಳವೆ ತೆಗೆದು ಗಪ್ಪನೆ ಮುಚ್ಚಿ ಕೂಗಿಬಿಟ್ಟೆ: "ನಾನು ಎರಡು ವರ್ಷದಿಂದ ಹುಡುಕ್ತಿದ್ದ ಹೆಣ್ಣು ಇದೇ!"

ಹುಡುಗಿಯ ತಾಯಿ ಕಣ್ಣೊರೆಸಿಕೊಂಡರು. ತಂದೆ ಎದ್ದುಬಂದು ನನ್ನ ಕೈ ಹಿಡಿದರು, ಹಿಡಿದ ಮೇಲೆ ಕೊಳವೆ ಕಂಡಿತು. "ಇದೇನು?"

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. "ನಾನು ಹೇಳಿದ್ದು ಈ ಸೊಳ್ಳೆಗೆ. ನಾನು ನೀವಂದುಕೊಂಡ ಕಲೆಕ್ಟರ್ ಅಲ್ಲ, ಇದನ್ನ ಹಿಡಿಯೋ ಕಲೆಕ್ಟರ್."

ಅಮ್ಮ ನೆಲ ನೋಡುತ್ತ ಕೂತಳು. ನಾನು ಚಪ್ಪಲಿ ಎಲ್ಲಿ ಬಿಟ್ಟೆ ಎಂದು ನೆನಪು ಮಾಡಿಕೊಳ್ಳುತ್ತಿದ್ದೆ. ಆಗ ಹುಡುಗಿ ತಟ್ಟೆ ಕೆಳಗಿಟ್ಟು, ಕೊಳವೆಯೊಳಗೆ ಇಣುಕಿ, ನಕ್ಕುಬಿಟ್ಟಳು. "ಎರಡು ವರ್ಷ ಒಂದೇ ಹೆಣ್ಣು ಹುಡುಕಿದಾರಲ್ಲಪ್ಪ. ಇನ್ನೇನು ನೋಡ್ಬೇಕು?"

ಮದುವೆಯಾಯಿತು. ಲ್ಯಾಬಿನಿಂದ ವರದಿ ಬರುವ ಹೊತ್ತಿಗೆ ಮನೆಯ ತೋರಣವೂ ಒಣಗಿತ್ತು. ಅದನ್ನು ಓದಿ ನಾನು ಜೋಲು ಮೋರೆ ಹಾಕಿಕೊಂಡು ಮನೆಗೆ ಬಂದೆ. "ಅದು ಊರಿನ ಮಾಮೂಲಿ ಡೆಂಗಿ ಸೊಳ್ಳೆಯಂತೆ ಕಣೇ. ನಾನು ಹುಡುಕ್ತಿದ್ದ ಹೆಣ್ಣು ಅದಲ್ವಂತೆ."

"ಅಯ್ಯೋ ಮಾರಾಯ್ರೇ," ಎಂದಳು ಹೆಂಡತಿ, "ಅವತ್ತು ಕಾಫಿ ಹಿಡ್ಕೊಂಡು ಎದುರಿಗೇ ನಾನು ನಿಂತಿದ್ನಲ್ಲ! ಅದನ್ನ ತಿಳ್ಕೊಳ್ಳೋಕೆ ನಿಮಗೆ ಲ್ಯಾಬ್ ರಿಪೋರ್ಟೇ ಬರಬೇಕಾಯ್ತಾ?"