ಸಾಹೇಬರ ಮೀನು ಬಿಳಿಚಿಕೊಂಡದ್ದು

ಮೇಲಧಿಕಾರಿಯ ಮಗುವನ್ನು ಬೇಕಾದರೆ ನೋಡಿಕೊಳ್ಳಬಹುದು, ಮೀನನ್ನು ಮಾತ್ರ ಒಪ್ಪಿಕೊಳ್ಳಬಾರದು. ಮಗುವಾದರೆ ಅತ್ತು ರಂಪ ಮಾಡಿ ತನ್ನ ಕಷ್ಟ ಹೇಳಿಕೊಳ್ಳುತ್ತದೆ. ಮೀನು ಸುಮ್ಮನೆ ಬಾಯಿ ತೆರೆದು ಮುಚ್ಚುತ್ತದೆ, ನಮ್ಮ ಕಚೇರಿಯ ಸಭೆಗಳಲ್ಲಿ ನಾನು ಮಾಡುವ ಹಾಗೆ. ಎಪ್ಪತ್ತರ ದಶಕದಲ್ಲಿ ಮಂಡ್ಯದಲ್ಲಿದ್ದಾಗ ಈ ವಿವೇಕ ನನಗೆ ತಡವಾಗಿ ಬಂತು.

ಆಗ ನನ್ನನ್ನು ಮಳವಳ್ಳಿಗೆ ವರ್ಗ ಮಾಡುವ ಮಾತು ನಡೆದಿತ್ತು. ಮಳವಳ್ಳಿಯ ಮೇಲೆ ನನಗೇನೂ ದ್ವೇಷವಿಲ್ಲ. ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿಬರಲು ಮೈಯಲ್ಲಿ ಕಸುವಿರಲಿಲ್ಲ. "ದೇಹಸ್ಥಿತಿ ಸರಿಯಿಲ್ಲ ಸಾರ್" ಎಂದು ಸಾಹೇಬರ ಮುಂದೆ ಎರಡು ಸಲ ಕೆಮ್ಮಿದ್ದೆ. "ನೋಡೋಣ" ಎಂದಿದ್ದರು. ಅಷ್ಟರಲ್ಲಿ ಅವರು ರಜೆಯ ಮೇಲೆ ಊರಿಗೆ ಹೊರಟರು. ಅವರ ಗಾಜಿನ ತೊಟ್ಟಿ, ಅದರೊಳಗಿನ ಕೆಂಪು ಮೀನುಗಳ ಸಮೇತ ನಮ್ಮ ಮನೆಗೆ ಬಂತು. ಬೇಡ ಎನ್ನಲು ನನಗೆ ಬಾಯಿ ಬರುವುದುಂಟೆ?

ಸಾಹೇಬರ ಮನೆಯಲ್ಲಿ ಕೆಂಡದಂತೆ ಹೊಳೆಯುತ್ತಿದ್ದ ಮೀನುಗಳು ನಮ್ಮ ಟ್ಯೂಬ್‌ಲೈಟಿನ ಕೆಳಗೆ ಒಗೆದು ಒಗೆದು ಸೋತ ಬಟ್ಟೆಯಂತಾದವು. ನೀರು ಬದಲಿಸಿದೆ, ತಿಂಡಿ ಹೆಚ್ಚಿಸಿದೆ, ರಾತ್ರಿ ನಿದ್ದೆಗೆಟ್ಟೆ. ಮೀನು ಹೀಗೇ ಇದ್ದರೆ ಮಳವಳ್ಳಿ ಖಂಡಿತ. ನಮ್ಮ ಮಂಡ್ಯ ಸೀಮೆಯದೇ ಕೊಪ್ಪದಿಂದ ಬಂದಿದ್ದ ನನ್ನ ಭಾವಮೈದ ತೊಟ್ಟಿಯೊಳಗೆ ಬಗ್ಗಿ ನೋಡಿ, "ಬುಡಿ ಬಾವ, ಇವು ಸಾರ್ಗೂ ಆಗಕಿಲ್ಲ" ಎಂದು ತೀರ್ಪು ಕೊಟ್ಟ.

ನನ್ನ ಹೆಂಡತಿಗೆ ಮಾತ್ರ ಅನುಮಾನವೇ ಇರಲಿಲ್ಲ. "ಇದು ಚರ್ಮದ ಕಾಯ್ಲೆ ಕಣ್ರೀ. ವೈದ್ಯನಾಥಪುರದ ಸ್ವಾಮಿ ಎಂಥಾ ಚರ್ಮದ ಕಾಯ್ಲೆನೂ ವಾಸಿ ಮಾಡ್ತಾನೆ, ಓಗಿ ಅರಕೆ ಕಟ್ಕೊಂಡು ಬನ್ನಿ" ಎಂದಳು.

ಹೋದೆ. ಅರ್ಚಕರು, "ಯಾರ ಹೆಸರಿಗೆ? ನಕ್ಷತ್ರ ಯಾವುದು?" ಎಂದರು. ಹಿಂದೆ ಸಾಲಾಗಿ ಜನ ನಿಂತಿದ್ದರು. ಮೀನಿಗೆ ಎಂದು ಹೇಳಲು ನಾಚಿಕೆಯಾಗಿ ನನ್ನ ಹೆಸರು, ನನ್ನ ನಕ್ಷತ್ರವನ್ನೇ ಹೇಳಿಬಿಟ್ಟೆ. ತಂದ ತೀರ್ಥವನ್ನು ಹೆಂಡತಿ ಭಕ್ತಿಯಿಂದ ತೊಟ್ಟಿಗೆ ಹಾಕಿದಳು. ಮೀನುಗಳ ಬಣ್ಣ ಇದ್ದಲ್ಲೇ ಇತ್ತು.

ರಜೆ ಮುಗಿಸಿದ ಸಾಹೇಬರು ಒಂದು ಸಂಜೆ ಮನೆಗೇ ಬಂದರು. ಕೈಯಲ್ಲಿ ತಗಡಿನ ಮುಚ್ಚಳ, ಅದರಡಿಯಲ್ಲಿ ಕೆಂಪು ಛಾಯೆಯ ಬಲ್ಬು. "ಇದನ್ನು ಕಳಿಸೋದೇ ಮರೆತಿದ್ದೆ ನೋಡ್ರಿ" ಎಂದು ಟ್ಯೂಬ್‌ಲೈಟ್ ಆರಿಸಿ, ಬಲ್ಬು ಹಾಕಿದರು. ಮೀನುಗಳು ಭಗ್ಗೆಂದು ಕೆಂಪಾದವು! "ಬಣ್ಣ ಅರ್ಧ ಮೀನಿಂದು, ಅರ್ಧ ದೀಪದ್ದು ಕಣ್ರೀ. ಟ್ಯೂಬ್‌ಲೈಟಿಗೆ ಕೆಂಪು ಎದ್ದು ಕಾಣಲ್ಲ" ಎಂದು ನಕ್ಕರು.

ನನಗೆ ಅಳುವಷ್ಟು ಸಮಾಧಾನವಾಯಿತು. ತೊಟ್ಟಿಯ ಪಕ್ಕದಲ್ಲೇ ಕುಸಿದು ಕೂತೆ. ಆ ಬೆಳಕಿನಲ್ಲಿ ಸಾಹೇಬರು ನನ್ನ ಮುಖವನ್ನೇ ದಿಟ್ಟಿಸಿದರು.

"ಏನ್ರೀ, ಕೆನ್ನೆಯೆಲ್ಲಾ ಕೆಂಪೇರಿದೆ! ರಜೆಗೆ ಹೋಗಿದ್ದು ನಾನೋ ನೀವೋ? ಇನ್ನು ನೀವು ಧಾರಾಳವಾಗಿ ಮಳವಳ್ಳಿಗೆ ಹೋಗಬಹುದು ಬಿಡಿ."

ಆದಷ್ಟು ಜೋರಾಗಿ ಕೆಮ್ಮಿದೆ. ಅಂಥ ಕೆನ್ನೆಯಿಟ್ಟುಕೊಂಡವನ ಕೆಮ್ಮನ್ನು ಯಾರು ನಂಬುತ್ತಾರೆ?

ಅವರು ಹೋದ ಮೇಲೆ, ಅರ್ಚಕರಿಗೆ ನಾನು ಹೇಳಿದ್ದು ಯಾರ ಹೆಸರು ಎಂಬುದನ್ನು ಹೆಂಡತಿಗೆ ತಿಳಿಸಿದೆ. ಅವಳು ದೇವರ ಕಡೆ ತಿರುಗಿ ಕೈಮುಗಿದಳು.

"ಮತ್ತೆ ಇನ್ನೇನಾಯ್ತದೆ? ಸ್ವಾಮಿ ನಿಮ್ಮನ್ನೇ ವಾಸಿ ಮಾಡ್ಬುಟ್ಟವ್ನೆ" ಎಂದಳು. ಮುಂದಿನ ವಾರ ಮಳವಳ್ಳಿ ಬಸ್ಸಿನಲ್ಲಿ ನೇತಾಡುತ್ತಿದ್ದಾಗ ನಾನು ಪೂರ್ತಿ ಗುಣವಾಗಿದ್ದೆ.