ಬಡಿಸಣ್ಣನೂ ಬೀಗರ ಬೆಲ್ಲವೂ

ಸಂಕ್ರಾಂತಿ ಕಳೆದರೂ ಚಳಿ ಊರು ಬಿಟ್ಟಿರಲಿಲ್ಲ. ಮಂಜು ಕಬ್ಬಿನ ಗದ್ದೆಗಳ ಮೇಲೆ ಕಂಬಳಿ ಹೊದ್ದವರ ಹಾಗೆ ಕೂತಿತ್ತು. ಮಂಚೇಗೌಡನ ಆಲೆಮನೆಯಲ್ಲಿ ಮಾತ್ರ ಕೋಳಿಗಿಂತ ಮೊದಲೇ ಗಾಣ ಎದ್ದು, ಬಿಸಿಲು ಮೂಡುವ ಹೊತ್ತಿಗೆ ದೊಡ್ಡ ಕೊಪ್ಪರಿಗೆಯ ತುಂಬ ಕಬ್ಬಿನ ಹಾಲು ಕುದಿಯುತ್ತಿತ್ತು. ಗೌಡ ಉದ್ದ ಹಿಡಿಯ ಜಾಲರಿಯಲ್ಲಿ ಮೇಲೆ ತೇಲುವ ಕೊಳೆ ಬಳಿದು ಚೆಲ್ಲುತ್ತ, ಒಲೆಯ ಬಾಯಿಗೆ ಒಣ ಸಿಪ್ಪೆ ನೂಕುತ್ತ, ಪಾಕದ ಹದವನ್ನು ಮೂಗಿನಿಂದಲೇ ಅಳೆಯುತ್ತ ನಿಂತಿದ್ದ. ಬೆಲ್ಲದ ಕೆಲಸ ಅವಸರದವರದ್ದಲ್ಲ. ಅದು ಕರೆದಾಗ ಬರುವುದಿಲ್ಲ, ಬಂದಾಗ ಕಾಯುವುದಿಲ್ಲ.

ಅವತ್ತಿನ ಬೆಲ್ಲಕ್ಕೆ ಬೇರೆಯದೇ ತೂಕವಿತ್ತು. ಹೋದ ವೈಶಾಖದಲ್ಲಿ ಮಗಳು ಸುಕನ್ಯಳ ಮದುವೆ. ಹೊತ್ತಿಗೆ ಸರಿಯಾಗಿ ಕೊಪ್ಪರಿಗೆಯ ತಳ ತೂತಾಗಿ, ಪಾಯಸಕ್ಕೂ ಕಜ್ಜಾಯಕ್ಕೂ ಬೇಕಾದ ಬೆಲ್ಲವನ್ನು ಗಂಡಿನ ಮನೆಯಿಂದಲೇ ಕೈಬದಲು ತರಿಸಬೇಕಾಯಿತು. ಆಲೆಮನೆ ಇಟ್ಟವನು ಬೀಗರ ಬೆಲ್ಲದಲ್ಲಿ ಮಗಳ ಮದುವೆ ಮಾಡಿದ! ಮಾತು ಹೋಬಳಿ ದಾಟಿತು. ಅಂದಿನಿಂದ ಬೀಗಿತ್ತಿ ಚನ್ನಾಜಮ್ಮ, ಸೊಸೆ ಕಾಫಿ ತಂದಿಟ್ಟಾಗಲೆಲ್ಲ, "ಸಕ್ಕರೆ ಹಾಕಿದ್ದೀಯ ತಾನೆ? ಬೆಲ್ಲ ಅಂದ್ರೆ ನಿಮ್ಮಪ್ಪನ ಮನೆಯಿಂದ ಬರಬೇಕು, ತಡ ಆಯ್ತದೆ" ಅನ್ನುತ್ತಿದ್ದಳಂತೆ. ಇವತ್ತು ಆಕೆಯೇ ಖುದ್ದಾಗಿ ಬೆಲ್ಲ ತುಂಬಿಸಿಕೊಂಡು ಹೋಗಲು ಬರುವವಳಿದ್ದಳು. ಈ ಒಂದು ಪಾಕ ಅಚ್ಚಿಗೆ ಇಳಿದರೆ ಮಗಳು ತಲೆಯೆತ್ತಿ ಕಾಫಿ ಕೊಡಬಹುದು.

ಅಂಥ ದಿನವೇ ಬೋರಲಿಂಗ ಬರಬೇಕೆ!

ಬೋರಲಿಂಗ ಎಂದರೆ ಗೌಡನ ತಂಗಿ ಸಾಕಮ್ಮನ ಗಂಡ. ಸುಟ್ಟ ಮೋಟಾರಿಗೆ ತಂತಿ ಸುತ್ತಿಕೊಡುವುದು ಅವನ ಕಸುಬು. ಯಾರೂ ಕೇಳದ ಯಂತ್ರ ಮಾಡುವುದು ಅವನ ಚಟ. ಈಗ ಆತ ಕೈಗಾಡಿಯ ಮೇಲೆ ಗೋಣಿ ಮುಚ್ಚಿದ ಏನನ್ನೋ ತಳ್ಳಿಕೊಂಡು ಬಂದ. ಹಿಂದೆ ಸಾಕಮ್ಮ ಒಂದು ಹಂಡೆಯನ್ನೂ ಒಂದು ಹಾಲಿನ ಕ್ಯಾನನ್ನೂ ಹೊತ್ತು ಬಂದಳು.

"ಬಾವ, ನಿನ್ನ ಪಕ್ಕದ ಒಲೆ ಒಂದು ಗಳಿಗೆ ಕೊಡು. ಬಿಯರಿಗೆ ನೀರು ಕಾಯಿಸಬೇಕು."

"ಮತ್ತೆ ಅದೇ ಕಲಗಚ್ಚಾ?" ಎಂದ ಗೌಡ.

ಬೋರಲಿಂಗನ ಮುಖ ಸಣ್ಣಗಾಯಿತು. ಹೋದ ತಿಂಗಳು ಆತ ಅಂಚೆಯಲ್ಲಿ ಒಂದು ಕಿಟ್ ತರಿಸಿದ್ದ. ಡಬ್ಬಿಯಲ್ಲಿ ಜೋನಿಬೆಲ್ಲದಂಥ ಬಾರ್ಲಿಯ ಪಾಕ, ಜೊತೆಗೊಂದು ಹುದುಗಿನ ಪೊಟ್ಟಣ. ನೀರಿಗೆ ಬೆರೆಸಿ ಮುಚ್ಚಿಟ್ಟರೆ ತಾನೇ ಬಿಯರಾಗುತ್ತದೆ. ಆಯಿತು ಕೂಡ. ಮೊದಲ ಲೋಟ ಕುಡಿದ ಗೌಡ, "ಕಲಗಚ್ಚಿಗೆ ಸೋಡಾ ಬೆರೆಸಿದಂಗದೆ" ಅಂದುಬಿಟ್ಟಿದ್ದ. ಆ ಮಾತು ಬೋರಲಿಂಗನ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು.

"ಅದು ಸಪ್ಪೆಯಾಗಿದ್ದಕ್ಕೆ ಕಾರಣ ಕಂಡುಹಿಡಿದೆ ಬಾವ. ಹಾಪ್ಸ್ ಸಾಲದು!"

"ಹಾಪ್‌ಕಾಮ್ಸ್‌ನಲ್ಲಿ ಸಿಕ್ತದಾ?"

"ಅದು ತರಕಾರಿ ಅಂಗಡಿ ಬಾವ! ಇದು ಹಾಪ್ಸ್, ತಂಪು ಸೀಮೆಯ ಬಳ್ಳಿ ಹೂವು." ಅವನು ಚೀಲ ಬಿಚ್ಚಿ ತೋರಿಸಿದ. ಹಸಿರು ಬಣ್ಣ ಬಳಿದ ಆಡಿನ ಹಿಕ್ಕೆಯಂಥ ಗುಳಿಗೆಗಳು. ಗೌಡ ಒಂದನ್ನು ಬಾಯಿಗಿಟ್ಟು, ಒಲೆಯ ಬೂದಿಗೆ ಉಗುಳಿದ. ಬೇವಿಗೂ ಹಾಗಲಕ್ಕೂ ಮದುವೆಯಾಗಿ ಹುಟ್ಟಿದ ಮಗುವಿನ ಹಾಗಿತ್ತು.

"ಕುದಿಯುವಾಗ ಹಾಕಿದ್ರೆ ಕಹಿ, ಇಳಿಸುವಾಗ ಹಾಕಿದ್ರೆ ಘಮ, ಆರಿದ ಮೇಲೆ ಹಾಕಿದ್ರೆ ಇನ್ನೂ ಘಮ! ಹೊತ್ತು ನೋಡಿ ಹಾಕ್ತಾ ಇರಬೇಕು. ನನಗೆ ಒಲೆ ಮುಂದೆ ಕೂತ್ರೆ ತೂಕಡಿಕೆ. ಅದಕ್ಕೇ…" ಎಂದವನೇ ಗೋಣಿ ಎಳೆದ. "ಇವನು ಬಡಿಸಣ್ಣ!"

ಹಳೆಯ ಬಿತ್ತನೆ ಡ್ರಮ್ಮಿಗೆ ಮೋಪೆಡ್ಡಿನ ಚಕ್ರ, ತಲೆಯ ಜಾಗದಲ್ಲಿ ಬೈಕಿನ ದೀಪ, ಎದೆಯಲ್ಲಿ ಬಸ್‌ಸ್ಟ್ಯಾಂಡಿನ ಸ್ಪೀಕರು. ಒಂದು ಕೈಯಲ್ಲಿ ಬಕೀಟು, ಇನ್ನೊಂದರಲ್ಲಿ ಸೌಟು.

"ಇವನ ತಲೆಗೆ ತಾನೇ ನೋಡಿ ಕಲಿಯೋ ವಿದ್ಯೆ ಹಾಕಿದ್ದೀನಿ. ನಮ್ಮ ಸುಕನ್ಯನ ಮದುವೇಲಿ ಇವನ ಕಣ್ಣು ಕಿವಿ ಎರಡನ್ನೂ ಊಟದ ಚಪ್ಪರದ ಕಂಬಕ್ಕೆ ಕಟ್ಟಿದ್ದೆ. ಮೊದಲ ಪಂಕ್ತಿಯಿಂದ ಕೊನೇ ಪಂಕ್ತಿವರೆಗೆ ಬಡಿಸೋದನ್ನೆಲ್ಲ ನೋಡಿ ಪಾಸಾಗವ್ನೆ!"

"ಬಡಿಸೋಕೂ ಪಾಸಾಗಬೇಕೇನೋ?" ಎಂದ ಗೌಡ. ಆದರೆ ತಂಗಿಯ ಮುಖ ನೋಡಿ ಪಕ್ಕದ ಒಲೆ ಬಿಟ್ಟುಕೊಟ್ಟ.

ಹಂಡೆಯಲ್ಲಿ ಡಬ್ಬಿಯ ಪಾಕ ಕುದಿ ಬಂತು. ಬೋರಲಿಂಗ ಚೀಲದ ಹಾಪ್ಸನ್ನೆಲ್ಲ ಬಡಿಸಣ್ಣನ ಬಕೀಟಿಗೆ ಸುರಿದು, ಹೆಗಲ ಟವಲು ಸರಿಮಾಡಿಕೊಂಡು ಗತ್ತಿನಿಂದ, "ಹಾಕು!" ಎಂದ.

ದೀಪ ಹತ್ತಿತು. ಸೌಟು ಬಕೀಟಿಗೆ ಇಳಿದು, ಅಳೆದಂತೆ ಒಂದು ಸೌಟು ಹಾಪ್ಸ್ ತೆಗೆದು ಹಂಡೆಗೆ ಹಾಕಿತು. ಕಬ್ಬು ಅರೆಯುತ್ತಿದ್ದ ಆಳುಗಳೆಲ್ಲ ಶಿಳ್ಳೆ ಹೊಡೆದರು.

"ಸಾಕು," ಎಂದ ಬೋರಲಿಂಗ.

ಬಡಿಸಣ್ಣ ಇನ್ನೊಂದು ಸೌಟು ಹಾಕಿದ.

"ಲೇ, ಸಾಕು ಅಂದೆ!"

ಇನ್ನೊಂದು ಸೌಟು!

"ಬೇಡ! ಬೇಡ ಕಣೋ!"

ಎರಡು ಸೌಟು! ಜೊತೆಗೆ ಸ್ಪೀಕರಿನಿಂದ ದನಿ ಬಂತು: "ಏನೂ ತಿಂದೇ ಇಲ್ಲ ನೀವು! ಒಂದೇ ಒಂದು, ನಾಚ್ಕೋಬೇಡಿ!"

ಬೋರಲಿಂಗ ಹೌಹಾರಿ ಹಂಡೆಯ ಮೇಲೆ ಕೈ ಅಡ್ಡ ಹಿಡಿದ. ಎಲೆಗೆ ಕೈ ಅಡ್ಡ ಹಿಡಿದವರಿಗೆ ಏನು ಮಾಡಬೇಕೆಂದು ಬಡಿಸಣ್ಣ ಚೆನ್ನಾಗಿಯೇ ನೋಡಿ ಕಲಿತಿದ್ದ. ಬೆರಳ ಸಂದಿಯಲ್ಲೇ ಸುರಿದ.

"ಸಾಕಮ್ಮಾ!" ಎಂದು ಬೋರಲಿಂಗ ಹೆಂಡತಿಯನ್ನು ಕೂಗಿದ.

ಒಂದು ಸೌಟು.

"ಅಯ್ಯೋ ಸಾಕಮ್ಮಾ, ಓಡಿ ಬಾ! ಸಾಕಮ್ಮಾ!"

ಎರಡು ಸೌಟು!

"ನನ್ನ ಹೆಸರು ಹಿಡಿದು ಕೂಗಬ್ಯಾಡ್ರೀ!" ಸಾಕಮ್ಮ ಕಿರುಚಿದಳು. "ಮೂರು ಹೆಣ್ಣಾದ ಮೇಲೆ ಸಾಕು ಅಂತ ನಮ್ಮಪ್ಪ ಇಟ್ಟ ಹೆಸರು. ಆಮೇಲೂ ಎರಡು ಹೆಣ್ಣಾಯ್ತು. ಈ ಮನೆತನದಲ್ಲಿ ಸಾಕು ಅಂದ್ರೆ ಯಾರು ತಾನೇ ನಿಲ್ಲಿಸವ್ರೆ?"

"ಗುಂಡಿ ಆರಿಸೋ, ಬೋರಲಿಂಗ!" ಎಂದ ಗೌಡ.

"ಗುಂಡಿ ಇಟ್ಟಿಲ್ಲ ಬಾವ! ಬಡಿಸೋನಿಗೆ ಗುಂಡಿ ಇರ್ತದಾ? ಸಾಕು ಅಂದ್ರೆ ನಿಲ್ತಾನೆ ಅಂತ…"

ಬಡಿಸಣ್ಣ ಇನ್ನೊಂದು ಸೌಟು ಹಾಕಿ, ಪಕ್ಕಕ್ಕೆ ಸರಿದ. ಪಂಕ್ತಿಯಲ್ಲಿ ಒಬ್ಬರಾದ ಮೇಲೆ ಇನ್ನೊಬ್ಬರು, ಯಾರನ್ನೂ ಬಿಡುವಂತಿಲ್ಲ. ಹಂಡೆಯ ಪಕ್ಕದಲ್ಲಿ ಕ್ಯಾನು. ಅದರಲ್ಲಿದ್ದ ಹಳೆಯ ಕಲಗಚ್ಚು ಬಿಯರಿಗೆ ಧಾರಾಳವಾಗಿ ಬಡಿಸಿದ. ಕ್ಯಾನಿನ ಪಕ್ಕದಲ್ಲಿ?

ಕ್ಯಾನಿನ ಪಕ್ಕದಲ್ಲಿದ್ದದ್ದು ಕೊಪ್ಪರಿಗೆ! ಪಾಕ ಹದಕ್ಕೆ ಬಂದು ಚಿನ್ನದ ಬಣ್ಣದ ಗುಳ್ಳೆ ಏಳುತ್ತಿತ್ತು. ಇನ್ನೊಂದು ಗಳಿಗೆಗೆ ಇಳಿಸುವುದಿತ್ತು. ಮಂಚೇಗೌಡ ಜಾಲರಿ ಅಡ್ಡ ಹಿಡಿದು ನಿಂತ. ಬಾಯಿ ಕಟ್ಟಿಕೊಂಡಿರಬೇಕೆಂದು ಗೊತ್ತಿತ್ತು. ಆದರೆ ಜನ್ಮದ ಅಭ್ಯಾಸ ಬಿಡುತ್ತದೆಯೆ?

"ಬೇಡ! ಬೇಡ! ಬೇಡಪ್ಪೋ!"

ಬಕೀಟಿನ ಅರ್ಧ ಕೊಪ್ಪರಿಗೆಗೆ ಬಿತ್ತು. "ಬೇಡ ಅಂದೋರಿಗೆ ಜಾಸ್ತಿ ಹಾಕ್ರೋ!" ಎಂದು ಬಡಿಸಣ್ಣ ತನಗೆ ತಾನೇ ಅಪ್ಪಣೆ ಕೊಟ್ಟುಕೊಂಡ. ಚಿನ್ನದ ಪಾಕ ಕೆರೆಯ ಪಾಚಿಯ ಬಣ್ಣಕ್ಕೆ ತಿರುಗಿತು. ಗೌಡನ ಕೈಯ ಜಾಲರಿ ಜಾರಿ ಬಿತ್ತು.

ಅಷ್ಟರಲ್ಲಿ ಬೀದಿಯಲ್ಲಿ ಗೂಡ್ಸ್ ಆಟೋ ನಿಂತ ಸದ್ದು. ಖಾಲಿ ಡಬ್ಬಗಳನ್ನು ಖಣಖಣ ಅನ್ನಿಸುತ್ತ ಚನ್ನಾಜಮ್ಮ ಇಳಿದಳು.

"ಏನು ಬೀಗ್ರೆ, ಬೆಲ್ಲದ ಘಮ ಬರೋ ಬದಲು ಬೇವಿನ ಹೊಗೆ ಬತ್ತಾ ಅದೆ?"

"ಬನ್ನಿ ಅಕ್ಕಯ್ಯ, ಕೂತ್ಕಳಿ," ಎಂದು ಸಾಕಮ್ಮ ಮಂಚ ಎಳೆದು ಹಾಕಿದಳು. ಚನ್ನಾಜಮ್ಮ ಕೂತಳು. ಕೂತ ಅತಿಥಿಯನ್ನು ಕಂಡ ಬಡಿಸಣ್ಣನ ದೀಪ ಎರಡರಷ್ಟು ಬೆಳಗಿತು! ಸರಸರ ಬಂದವನೇ ಬಕೀಟನ್ನು ತೋಳಿಗೆ ಸಿಕ್ಕಿಸಿಕೊಂಡು, ಕ್ಯಾನಿನಿಂದ ಸೌಟಿನಲ್ಲಿ ಒಂದು ಲೋಟ ತುಂಬಿಸಿ ಆಕೆಯ ಮೂಗಿನ ತುದಿಗೆ ಹಿಡಿದ.

"ಇದೇನು?"

"ಬಾರ್ಲಿ ನೀರು, ಅಕ್ಕಾರೆ," ಎಂದ ಬೋರಲಿಂಗ. ಸುಳ್ಳೇನೂ ಅಲ್ಲ. "ಒಂಚೂರು ಹುಳಿ ಬಂದದೆ. ಮೇಲೆ ಒಂದು ಸೊಪ್ಪು ಹಾಕಿದೆ."

"ಈಗ ಬ್ಯಾಡ."

"ಬ್ಯಾಡ ಅನ್ನಬ್ಯಾಡಿ!" ಎಂದು ಇಡೀ ಆಲೆಮನೆ ಒಟ್ಟಿಗೆ ಕೂಗಿತು. ತಡವಾಗಿತ್ತು. ಎರಡನೇ ಲೋಟವೂ ಬಂತು.

"ನಮ್ಮನೆ ಬೆಲ್ಲದ ಪಾಯಸ ಹಂಗೇ ಬಿಟ್ರೆ ನನ್ನಾಣೆ!" ಎಂದಿತು ಸ್ಪೀಕರು.

ಚನ್ನಾಜಮ್ಮ ಗಕ್ಕನೆ ತಲೆಯೆತ್ತಿದಳು. ಅದು ಆಕೆಯದೇ ಮಾತು, ಆಕೆಯದೇ ರಾಗ! ಮದುವೆಯಲ್ಲಿ ಸೆರಗು ಸಿಕ್ಕಿಸಿಕೊಂಡು ಪಂಕ್ತಿ ಪಂಕ್ತಿಗೂ ನಿಂತು ಬಡಿಸಿದವಳು ಆಕೆಯೇ. ಆಕೆಯ ಮುಂದೆ ಊಟಕ್ಕೆ ಕೂತವರು ತಾವಾಗಿ ಎದ್ದದ್ದು ಕಡಿಮೆ, ಯಾರಾದರೂ ಹಿಡಿದೆಬ್ಬಿಸಿದ್ದೇ ಹೆಚ್ಚು. ಆಣೆ ಮೀರುವಂತಿಲ್ಲ, ಕುಡಿದಳು. "ಥೂ, ಕಹಿ! ಸಾಕು!" ಎಂದಳು. ಮೂರನೇ ಲೋಟ ಬಂತು. "ಸಾಕಪ್ಪ ದೇವ್ರೇ!" ಎಂದಳು. ನಾಲ್ಕನೆಯದು ಬಂತು. ಆಕೆಯ ಮೂಗಿನ ನತ್ತು ಹೊಳೆಯತೊಡಗಿತು, ಕಣ್ಣು ತೇಲಿದವು. "ಜನ ನನ್ನ ಮುಂದೆ ಕೂತಾಗ ಇಂಗೇನಾ ಒದ್ದಾಡ್ತಿದ್ದದ್ದು?" ಎಂದು ಅಳುದನಿಯಲ್ಲಿ ಕೇಳಿದಳು.

"ಬಾವ, ಏನಾದ್ರೂ ಮಾಡು! ಐದನೇ ಲೋಟ ತುಂಬ್ತಾವ್ನೆ!" ಎಂದು ಬೋರಲಿಂಗ ಗೌಡನ ಹಿಂದೆ ಅಡಗಿದ.

ಮಂಚೇಗೌಡ ಹಾಳಾದ ಪಾಕವನ್ನೇ ನೋಡುತ್ತ ನಿಂತಿದ್ದ. ಪಾಯಸದ ಮಾತು ಕಿವಿಗೆ ಬಿದ್ದದ್ದೇ ಹಳೆಯ ನೋವೊಂದು ಮಿಸುಕಿತು. ಮದುವೆಯ ದಿನ ಹೆಣ್ಣಿನ ಅಪ್ಪನಾದ ತಾನು ಊಟಕ್ಕೆ ಕೂತದ್ದು ಕೊನೇ ಪಂಕ್ತಿಯಲ್ಲಿ. ಬೀಗರ ಬೆಲ್ಲದ್ದಾದರೂ ಮಗಳ ಮದುವೆಯ ಪಾಯಸವಲ್ಲವೆ, ಒಂದು ಸೌಟು ಹಾಕಿರಪ್ಪ ಎಂದು ಬಾಯಿಬಿಟ್ಟು ಕೇಳಿದ್ದ. ಬಕೀಟು ಹಿಡಿದವನು "ತಂದೆ, ಇರಿ!" ಎಂದು ಹೋದವನು ಇವತ್ತಿನವರೆಗೂ ಬಂದಿಲ್ಲ.

ಕೊನೇ ಪಂಕ್ತಿವರೆಗೆ ನೋಡವ್ನೆ ಅಂದನಲ್ಲ ಬೋರಲಿಂಗ!

ಗೌಡ ಮೆಲ್ಲಗೆ ಹೋಗಿ ಚನ್ನಾಜಮ್ಮನ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತ. ಕೈ ಚಾಚಿ, ಹಸಿದವನ ದನಿಯಲ್ಲಿ, "ಇನ್ನೊಂದು ಸೌಟು ಹಾಕಪ್ಪ. ಬಾಳ ಚೆನ್ನಾಗದೆ. ಇನ್ನೂ ಹಾಕು," ಎಂದ.

ಬಡಿಸಣ್ಣ ಗಕ್ಕನೆ ನಿಂತ. ದೀಪ ಒಮ್ಮೆ ಕಣ್ಣು ಮಿಟುಕಿಸಿತು. ಸೌಟು ಬಕೀಟಿಗೆ ಬಡಿದು ಠಣ್ ಎಂದಿತು.

"ತಂದೆ, ಇರಿ!" ಎಂದ.

ಮತ್ತೆ ಹಿಂತಿರುಗಿ ನೋಡಲಿಲ್ಲ. ಬಕೀಟು ತೂಗಿಸುತ್ತ ಆಲೆಮನೆಯ ಹಿಂಬಾಗಿಲಿನಿಂದ ಹೊರಟು, ಗಾಣ ದಾಟಿ, ಕಾಲುವೆಯ ಏರಿ ಹತ್ತಿ, ಆಳೆತ್ತರದ ಕಬ್ಬಿನೊಳಗೆ ನುಗ್ಗಿದ. ಗರಿಗಳು ಅಲುಗಿದ್ದು ಸ್ವಲ್ಪ ದೂರ ಕಂಡಿತು, ಆಮೇಲೆ ಅದೂ ಇಲ್ಲ. ಬೋರಲಿಂಗ ಏರಿಯ ಮೇಲೆ ನಿಂತು, "ಲೋ, ಬಾರೋ! ಟ್ರ್ಯಾಕ್ಟರಿನ ಬ್ಯಾಟರಿ ಕಣೋ ಅದು!" ಎಂದು ಗೋಗರೆದ. ಗದ್ದೆಯ ನಡುವಿನಿಂದ, "ಬಂದೆ, ಬಂದೆ!" ಎಂಬ ದನಿ ಕೇಳಿತು. ಬರಲಿಲ್ಲ.

ಹೊತ್ತು ನೆತ್ತಿಗೆ ಬಂದಿತ್ತು. ಬೆಂದ ಪಾಕವನ್ನು ಚೆಲ್ಲಲು ಮನಸ್ಸು ಬಾರದೆ ಗೌಡ ಅಚ್ಚಿಗೆ ಹೊಯ್ಸಿದ. ಆರಿದ ಮೇಲೆ ಹಸಿರು ಮಿಶ್ರಿತ ಕಂದು ಅಚ್ಚುಗಳು ಸಾಲಾಗಿ ಕೂತವು. ಚನ್ನಾಜಮ್ಮ ತೂರಾಡುತ್ತ ಬಂದು ಒಂದರ ಮೂಲೆ ಕಚ್ಚಿದಳು. ಮೊದಲು ಹುಬ್ಬು ಮೇಲೆ ಹೋಯಿತು, ಆಮೇಲೆ ಮೂಗು ಹೋಯಿತು, ಕೊನೆಗೆ ಮುಖವೇ ಎಲ್ಲೋ ಹೋಗಿ ವಾಪಸು ಬಂತು.

"ಯುಗಾದಿ ಹೆಂಗೂ ಬತ್ತದಲ್ಲ ಅಕ್ಕಯ್ಯ," ಎಂದ ಗೌಡ, ಟವಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ. "ಬೇವು ಬೆಲ್ಲ ಎರಡೂ ಒಂದೇ ಅಚ್ಚಲ್ಲಿ. ಕುಟ್ಟೋ ಕೆಲಸ ಇಲ್ಲ."

"ನಾನು ಕೊಟ್ಟಿದ್ದು ಬರೀ ಬೆಲ್ಲ ಬೀಗ್ರೆ. ಬೇವು ಕೊಟ್ಟಿರಲಿಲ್ಲ."

"ಕೊಟ್ಟಿದ್ರಿ," ಎಂದಳು ಸಾಕಮ್ಮ, ಅಚ್ಚು ಜೋಡಿಸುತ್ತಲೇ. "ನಮ್ಮ ಸುಕನ್ಯಂಗೆ. ದಿನಾ ಕಾಫಿ ಜೊತೆಗೆ."

ಚನ್ನಾಜಮ್ಮ ಸಾಕಮ್ಮನನ್ನು ನೋಡಿದಳು, ಗೌಡನನ್ನು ನೋಡಿದಳು, ಕೈಯಲ್ಲಿದ್ದ ಅಚ್ಚನ್ನು ನೋಡಿದಳು. ಆಮೇಲೆ ಹೊಟ್ಟೆ ಹಿಡಿದು ನಗತೊಡಗಿದಳು. ಅದು ಬಾರ್ಲಿಯ ನಗುವೋ ಆಕೆಯದೇ ನಗುವೋ ಹೇಳುವುದು ಕಷ್ಟ. ನಕ್ಕು ಮುಗಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡು, ಕಹಿಯ ಅಚ್ಚುಗಳನ್ನೇ ಒಂದು ಡಬ್ಬಕ್ಕೆ ತುಂಬಿಸಿಕೊಂಡಳು.

"ಇದು ಅದಕ್ಕೆ ವಜಾ ಆಯ್ತು," ಎಂದಳು. "ಮಗೀಗೆ ಇನ್ನು ಮೇಲೆ ಏನೂ ಅನ್ನಕಿಲ್ಲ. ಈ ಬಾರ್ಲಿ ನೀರು ಕಹಿಯಾದ ಮೇಲೇ ರುಚಿ ಕಣಪ್ಪ ಬೋರಲಿಂಗ, ಮಂಡಿ ನೋವು ಗೊತ್ತೇ ಆಗ್ತಿಲ್ಲ. ಒಂದು ಕ್ಯಾನು ಕಳಿಸು." ಬೋರಲಿಂಗನ ಎದೆಯ ಮುಳ್ಳು ಅಲ್ಲಿಗೆ ಕಳಚಿ ಬಿತ್ತು.

ಆಕೆ ಆಟೋ ಹತ್ತಿ ಕೂತಳು. ಉಳಿದ ಖಾಲಿ ಡಬ್ಬಗಳು ಖಣಖಣ ಅಂದವು. ಏನೋ ನೆನಪಾದವಳಂತೆ ತಲೆ ಹೊರಗೆ ಹಾಕಿದಳು.

"ಅದ್ಸರಿ ಬೀಗ್ರೆ, ನಮ್ಮ ಸಿಹಿ ಬೆಲ್ಲ ಯಾವಾಗ?"

ಮಂಚೇಗೌಡ ಜಾಲರಿಯನ್ನು ಹೆಗಲಿಗಿಟ್ಟು, ಕಬ್ಬಿನ ಗದ್ದೆಯ ಕಡೆ ಹೆಜ್ಜೆ ಹಾಕುತ್ತಲೇ ಹೇಳಿದ:

"ತಂದೆ, ಇರಿ!"