ಬಂಡೆಯೊಳಗಿನ ದಾರಿ

ಟ್ಯಾಂಕರಿನ ನೀರಿಗೆ ಡೀಸೆಲ್ ವಾಸನೆಯೆಂದು ಕುರಿಗಳು ಮೂತಿ ತಿರುಗಿಸಿದ ದಿನವೇ ಓಬಳೇಶ್ ಬೋರ್ ಹಾಕಿಸಲು ತೀರ್ಮಾನಿಸಿದ. ಬೋರ್ ಲಾರಿ ಮದಕರಿಪುರದ ಅವನ ಹೊಲಕ್ಕಿಳಿಯುವಷ್ಟರಲ್ಲಿ ಅರ್ಧ ಊರು ಬದುವಿನ ಮೇಲೆ ಕುಳಿತಿತ್ತು.

ಹೆಂಡತಿ ಯಶೋದಾ ಬೇವಿನ ಮರದ ಬುಡ ತೋರಿಸಿದಳು. ಪಕ್ಕದ ಹೊಲದ ಕಾಟಯ್ಯ ಬಿಡಬೇಕಲ್ಲ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಸುತ್ತಿದ. ಕಾಯಿ ಎದ್ದು ನಿಂತದ್ದು ಕಾಟಯ್ಯನ ಹೊಲದ ಬದುವಿನ ಪಕ್ಕದಲ್ಲೇ.

"ಇಲ್ಲೇ ಅದಾಳೆ ಗಂಗಮ್ಮ."

"ಮಾವ, ನಿಮ್ಮ ಬೋರೇ ಬತ್ತಿ ಅದರ ಬಾಯಿಗೆ ಕಲ್ಲು ಮುಚ್ಚೀರಿ. ಅದೂ ಇಲ್ಲೇ ಐತೆ," ಎಂದ ಓಬಳೇಶ್ ಮೆಲ್ಲಗೆ.

"ನನ್ನ ಹಣೆಬರ ಬೇರೆ, ನಿಂದು ಬೇರೆ ಕಣಪ್ಪ."

ಯಂತ್ರ ಕೊರೆಯಿತು. ಕೆಂಪು ಧೂಳು ಮುಗಿದು ಬೂದು ಧೂಳು ಬಂತು. ಓಬಳೇಶ್ ಹಿಟ್ಟಿನ ಗಿರಣಿಯಲ್ಲಿ ಮಲಗೆದ್ದವನಂತಾದ.

"ಕೆಳಗೇನು ಕೆರೆ ಇರಲ್ಲಣ್ಣ," ಎಂದ ಲಾರಿಯ ನಾಗಭೂಷಣ. "ಬರೀ ಬಂಡೆ. ಅದರ ಬಿರುಕಿನಾಗೆ ಮಳೆ ನೀರು ಇಳಿದು ಓಡಾಡ್ತೈತೆ. ಬಿರುಕು ಸಿಗಬೇಕು."

ಮಧ್ಯಾಹ್ನ ಧೂಳು ತಟ್ಟನೆ ನಿಂತಿತು. ಧೂಳನ್ನು ಮೇಲಕ್ಕೆ ತಳ್ಳುತ್ತಿದ್ದ ಯಂತ್ರದ ಗಾಳಿ ಈಗ ಒಳಗೇ ಎತ್ತಲೋ ಹೋಗುತ್ತಿತ್ತು. ಕಾಲ ಕೆಳಗೆ ನೆಲ ಗುಡುಗಿತು. ನೋಡನೋಡುತ್ತಲೇ ಕಾಟಯ್ಯನ ಬೋರಿನ ಕಲ್ಲು ಉರುಳಿಬಿತ್ತು. ಅಲ್ಲಿಂದ ಕೆಸರು ನೀರು ತೆಂಗಿನ ಮರದೆತ್ತರ ಚಿಮ್ಮಿತು. ಬರಬರುತ್ತಾ ಅದು ತಿಳಿಯಾಯಿತು.

ಮುದುಕರು ಚಪ್ಪಲಿ ಬಿಟ್ಟು ಕೈಮುಗಿದರು. ಯಶೋದಾ ಬೊಗಸೆಯೊಡ್ಡಿದಳು.

"ಎಷ್ಟು ತಣ್ಣಗೈತೆ. ಯಾವ ಕಾಲದ ಮಳೆಯೋ ಇದು."

ಓಬಳೇಶ್ ತಾನು ಇಷ್ಟು ವರ್ಷ ನಡೆದಾಡಿದ ನೆಲವನ್ನು ಹೊಸದಾಗಿ ನೋಡಿದ. ಆಮೇಲೆ ನೆನಪಾಯಿತು.

"ನನ್ನ ಬೋರು?"

ನಾಗಭೂಷಣ ಯಂತ್ರ ನಿಲ್ಲಿಸಿ ಒಳಗೊಂದು ಕಲ್ಲು ಹಾಕಿದ. ಟಣ್ ಎಂದು ಒಣ ಸದ್ದು ಬಂತು.

"ನಿಮ್ಮ ಕಡೆ ಬಿರುಕು ಮೇಲೈತೆ, ಅವರ ಕಡೆಗೆ ಇಳಿಜಾರು. ಅಲ್ಲಿ ಹೂಳು ಕಟ್ಟಿತ್ತು. ನಮ್ಮ ಗಾಳಿ ಅದನ್ನ ಕಿತ್ತು ಹಾಕ್ತು."

"ಪುಣ್ಯಾತ್ಮ ಕಣಪ್ಪ ನೀನು," ಎಂದು ಕಾಟಯ್ಯ ಅವನ ಎರಡೂ ಕೈ ಹಿಡಿದುಕೊಂಡ.

ಓಬಳೇಶ್ ಕೈ ಬಿಡಿಸಿಕೊಂಡ. ಮೊಣಕಾಲೂರಿ ತನ್ನ ಬೋರಿನ ಪೈಪಿಗೆ ಕಿವಿಯಿಟ್ಟ. ಅವನ ಮುಖ ಅರಳಿತು.

"ಕೇಳ್ತೈತೆ ಕಣೇ. ನೀರು ಹರಿಯಾದು ಕೇಳ್ತೈತೆ."

"ಯಾವ ಕಡೆಗೆ?" ಎಂದಳು ಯಶೋದಾ.

ಅವನು ಕಿವಿ ತೆಗೆಯದೆಯೇ ಕಾಟಯ್ಯನ ಹೊಲದತ್ತ ಕೈ ತೋರಿಸಿದ.